ನೀರು ಕುಡಿಯದ ದಿನಗಳು

(ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಲಾಗಿದೆ.)

ಸರೋಜಮ್ಮನಿಗೆ 36 ವರ್ಷ. ಬೆಂಗಳೂರಿನ ಹೊರವಲಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಟೈಲರ್. ಅಂಗಿಗೆ ಕಾಲರ್ ಕೂರಿಸುವುದು ಆಕೆಯ ಕೆಲಸ. ಆ ಹೊಲಿಗೆ ಎಲ್ಲರ ಕೈಗೂ ಒಗ್ಗುವುದಿಲ್ಲ; ಆಕೆ ಬಾರದ ದಿನ ಇಡೀ ಲೈನ್ ಕುಂಟುತ್ತದೆ. ಐದು ತಿಂಗಳಲ್ಲಿ 17 ದಿನ ಗೈರುಹಾಜರಿ, ಒಮ್ಮೆಯೂ ಮುಂಚೆ ತಿಳಿಸಿರಲಿಲ್ಲ. ಎರಡು ಮೆಮೊ ಕೊಟ್ಟ ಮೇಲೆ ಕಾರ್ಖಾನೆಯವರು ಆಕೆಯನ್ನು ಆಪ್ತ ಸಮಾಲೋಚಕಿಯಾದ ನನ್ನ ಬಳಿ ಕಳುಹಿಸಿದರು. ಜೊತೆಗೆ ಬಂದ ಚೀಟಿಯಲ್ಲಿ ‘ಮನೆಯ ಸಮಸ್ಯೆ, ಗಂಡ ಕುಡಿಯುತ್ತಾನೆ’ ಎಂದು ಬರೆದಿತ್ತು.

ಆ ಚೀಟಿಯನ್ನು ನಂಬಿ ನಾನೂ ಮೊದಲ ಅರ್ಧ ಗಂಟೆ ಗಂಡನ ಬಗ್ಗೆಯೇ ಕೇಳಿದೆ. ಆಕೆ ಊರಹಬ್ಬ, ನಾದಿನಿಯ ಸೀಮಂತ, ಮಗನ ಜ್ವರ ಎಂದು ಉತ್ತರಿಸುತ್ತಾ ಹೋದರು. ಎರಡನೆಯ ಭೇಟಿಯಲ್ಲಿ ಕ್ಯಾಲೆಂಡರ್ ಮುಂದಿಟ್ಟು, ಬಾರದ ದಿನಗಳಿಗೆ ಆಕೆಯಿಂದಲೇ ಗುರುತು ಹಾಕಿಸಿದೆ. ಎಲ್ಲವೂ ಎರಡು ಮೂರು ದಿನಗಳ ಗೊಂಚಲುಗಳು. “ಇವುಗಳ ಹಿಂದಿನ ವಾರ ಏನಿತ್ತು?” ಎಂದೆ. “ಶಿಪ್‌ಮೆಂಟ್ ಮೇಡಂ. ಓಟಿ ಇತ್ತು.” ಅಂದರೆ ಸರಕು ಕಳುಹಿಸುವ ಗಡುವು, ಹೆಚ್ಚುವರಿ ಹೊತ್ತಿನ ದುಡಿಮೆ.

ಆಮೇಲೆ ಮಾತು ತಾನಾಗಿ ಬಂತು. “ಬೆಳಿಗ್ಗೆ ಐದಕ್ಕೆ ಕಾಫಿ ಕುಡಿದರೆ ಮಧ್ಯಾಹ್ನದ ಊಟದವರೆಗೆ ನೀರು ಮುಟ್ಟುವುದಿಲ್ಲ. ಕುಡಿದರೆ ಏಳಬೇಕಾಗುತ್ತದೆ. ಎದ್ದರೆ ಪೀಸ್ ರಾಶಿ ಬೀಳುತ್ತದೆ, ಸೂಪರ್‌ವೈಸರ್ ಎಲ್ಲರೆದುರು ಕೂಗುತ್ತಾರೆ.” ಉರಿಮೂತ್ರ, ಚಳಿಜ್ವರ, ಸೊಂಟನೋವು ಶುರುವಾದಾಗ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಎರಡು ದಿನ ನುಂಗಿ, ಉರಿ ಇಳಿದ ಕೂಡಲೇ ಮತ್ತೆ ಯಂತ್ರದ ಮುಂದೆ ಕೂರುತ್ತಿದ್ದರು. ಮುಂದಿನ ಶಿಪ್‌ಮೆಂಟ್ ಬಂದಾಗ ಮತ್ತೆ ಅದೇ ಕಥೆ. ಸೂಪರ್‌ವೈಸರ್‌ಗೆ ಹೇಳಬಹುದಿತ್ತಲ್ಲ ಎಂದಾಗ ತಲೆ ತಗ್ಗಿಸಿದರು. “ನನ್ನ ತಮ್ಮನ ವಯಸ್ಸಿನ ಹುಡುಗ. ಅದಕ್ಕಿಂತ ಮೆಮೊ ತೆಗೆದುಕೊಳ್ಳುವುದೇ ಮೇಲು ಅನ್ನಿಸಿತು.”

ಒಂಬತ್ತು ವರ್ಷ ದುಡಿದ ಹೆಂಗಸಿಗೆ ಮಾನ ಉಳಿಸಿಕೊಳ್ಳಲು ಸುಳ್ಳೊಂದೇ ದಾರಿ ಎನ್ನಿಸಿದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಬಾರದ ದಿನಗಳ ಲೆಕ್ಕವನ್ನು ಕಚೇರಿ ಚೆನ್ನಾಗಿ ಇಟ್ಟಿತ್ತು. ಕಾರಣ ಇದ್ದದ್ದು ಆಕೆ ಬಂದು ದುಡಿದ ದಿನಗಳಲ್ಲಿ. ಅವನ್ನು ಯಾರೂ ನೋಡಿರಲಿಲ್ಲ.

ಮೊದಲು ವೈದ್ಯರು, ಆಮೇಲೆ ನನ್ನ ಮಾತು ಎಂದೆ. ಸಂಬಳದಿಂದ ತಿಂಗಳು ತಿಂಗಳೂ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಹಣ ಕಡಿತವಾಗುತ್ತಿದ್ದರೂ ಆಕೆ ಅದರ ಚಿಕಿತ್ಸಾಲಯದ ಮೆಟ್ಟಿಲು ಹತ್ತಿದ್ದು ಹೆರಿಗೆಗಾಗಿ ಮಾತ್ರ. ಮೂತ್ರ ಪರೀಕ್ಷೆ ಮಾಡಿಸಿ, ಬರೆದುಕೊಟ್ಟ ಮಾತ್ರೆಗಳನ್ನು ಕೊನೆಯವರೆಗೂ ತೆಗೆದುಕೊಳ್ಳಬೇಕು. ರಜೆ ಬೇಕಾದರೆ ಅಲ್ಲಿನ ಪ್ರಮಾಣಪತ್ರ ಪಡೆಯಬೇಕು. ಅರ್ಹತೆ ಇದ್ದವರಿಗೆ ಅನಾರೋಗ್ಯದ ದಿನಗಳಿಗೆ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆದರೂ ಕೈಯಲ್ಲಿ ಪ್ರಮಾಣಪತ್ರವಿದ್ದರೆ ‘ಹೇಳದೆ ಕೇಳದೆ ರಜೆ ಹಾಕಿದಳು’ ಎಂಬ ಮಾತಿಗೆ ಎಡೆಯಿರುವುದಿಲ್ಲ.

ಹೇಳಬೇಕಾದ ಮಾತನ್ನು ಕಾರ್ಖಾನೆಯ ಮಹಿಳಾ ಕಲ್ಯಾಣಾಧಿಕಾರಿಗೆ ಹೇಳಲಿ ಎಂದು ಗೊತ್ತುಮಾಡಿದೆವು. “ನನಗೆ ಉರಿಮೂತ್ರದ ತೊಂದರೆ ಇದೆ, ಗಂಟೆಗೊಮ್ಮೆ ನೀರು ಕುಡಿಯಲು ವೈದ್ಯರು ಹೇಳಿದ್ದಾರೆ.” ಇಷ್ಟೇ. ನನ್ನ ಕೋಣೆಯಲ್ಲಿ ಮೊದಲ ಸಲ ಹೇಳಿದಾಗ ಆಕೆಯ ದನಿಯೇ ಹೊರಡಲಿಲ್ಲ. ನಾಲ್ಕನೆಯ ಸಲ ನನ್ನ ಕಣ್ಣು ನೋಡಿ ಹೇಳಿದರು.

ಆಕೆಯ ಒಪ್ಪಿಗೆ ಪಡೆದು, ಕಾಯಿಲೆಯ ವಿವರ ಬಿಟ್ಟು, ಕಾರ್ಖಾನೆಗೂ ಬರೆದೆ. ಕುಡಿಯುವ ನೀರು, ಶೌಚಾಲಯ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಇಲ್ಲಿ ಎರಡೂ ಇದ್ದವು, ಎದ್ದುಹೋಗುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಜೊತೆಗೆ ಕೇಳಿದಾಗಲೂ, ಹತ್ತು ನಿಮಿಷ ಬದಲಿ ಟೈಲರ್ ಕೂರಿಸಿ. ಎಲ್ಲರೆದುರು ಕೂಗುವುದನ್ನು ನಿಲ್ಲಿಸಿ ಎಂದು ಕೇಳಿಕೊಂಡೆ. ಬದಲಿಯವರನ್ನು ಕೊಟ್ಟರು.

ಮುಂದಿನ ಎರಡು ತಿಂಗಳಲ್ಲಿ ಸರೋಜಮ್ಮ ಕೆಲಸಕ್ಕೆ ಬಾರದೆ ಉಳಿದದ್ದು ಒಂದೇ ದಿನ, ಅದೂ ತಿಳಿಸಿ. ಕೊನೆಯ ಭೇಟಿಗೆ ಬಂದಾಗ ಬ್ಯಾಗಿನಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ ಇತ್ತು. “ನಮ್ಮ ಲೈನಿನ ಇನ್ನಿಬ್ಬರನ್ನು ಕಳುಹಿಸಲೇ?” ಎಂದು ಕೇಳಿದರು. ಆ ಎರಡು ಮೆಮೊಗಳನ್ನು ಹಿಂಪಡೆಯಬೇಕೆಂದು ನಾನು ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಮತ್ತೆ ಬರೆದಿದ್ದೇನೆ.