ಕಡಿಮೆ ಬಜೆಟ್‌ನ ಫೈಟಿಂಗ್ ಸಿನಿಮಾಗಳನ್ನು ಗೆಳೆಯರ ಜೊತೆ ನೋಡಿ ನಗೋಕೆ ಯಾವ ಪ್ರೊಜೆಕ್ಟರ್ ತಗೊಳ್ಳಲಿ? ಯಾವ ಹತ್ತು ‘ಕೆಟ್ಟ’ ಸಿನಿಮಾ ಹಾಕಲಿ?

ಪ್ರೊಜೆಕ್ಟರ್, ಹತ್ತು ಸಿನಿಮಾದ ಪಟ್ಟಿ, ಶನಿವಾರ ರಾತ್ರಿ, ಗೆಳೆಯರು. 2016ರಲ್ಲಿ ನಾನು ಹಾಕಿದ್ದ ಲೆಕ್ಕಾಚಾರವೂ ಇದೇ. ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಸ್ವಲ್ಪ ಚುರುಕ್ ಅಂತು.

ಅದಕ್ಕೂ ಹನ್ನೆರಡು ವರ್ಷ ಹಿಂದೆ ನಾವು ನಾಲ್ಕು ಜನ ಶ್ರೀರಾಮಪುರದಲ್ಲಿ ಒಂದೇ ರೂಮಿನಲ್ಲಿದ್ದೆವು. ಎಲ್ಲರಿಗೂ ಪೀಣ್ಯದಲ್ಲಿ ಕೆಲಸ. ಶನಿವಾರ ಸಂಜೆ ಮೆಜೆಸ್ಟಿಕ್ ಕಡೆ ಹೋಗಿ ನ್ಯಾಷನಲ್ ಮಾರ್ಕೆಟ್‌ನಲ್ಲಿ ವಿಸಿಡಿ ತರುತ್ತಿದ್ದೆವು. ಆರಿಸೋ ರೀತಿ ಬಹಳ ಸುಲಭ. ಕವರ್ ಮೇಲೆ ಬೆಂಕಿ ಎಷ್ಟಿದೆ ನೋಡೋದು. ಹೆಲಿಕಾಪ್ಟರ್ ಕೂಡ ಇದ್ದರೆ ಯೋಚನೆಯೇ ಇಲ್ಲ. ಸಿನಿಮಾದೊಳಗೆ ಹೆಲಿಕಾಪ್ಟರ್ ಇರುತ್ತಲೇ ಇರಲಿಲ್ಲ, ಅದು ಬೇರೆ ಮಾತು.

ಒಂದು ವಿಸಿಡಿಯಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ ಸಿನಿಮಾ ಮಾತ್ರ ಹಿಡಿಯುತ್ತಿತ್ತು. ಹಾಗಾಗಿ ಒಂದು ಸಿನಿಮಾಕ್ಕೆ ಎರಡು ಡಿಸ್ಕು, ಕೆಲವಕ್ಕೆ ಮೂರು. ಮೊದಲನೆಯದು ಎಲ್ಲಿ ಮುಗಿಯುತ್ತೆ ಅಂತ ಹೇಳೋಕಾಗದು. ಹೀರೋ ಕಾಲು ಗಾಳಿಯಲ್ಲಿ, ವಿಲನ್ ಮುಖ ಇನ್ನೂ ದೂರದಲ್ಲಿ, ಟಿವಿ ನೀಲಿ ಆಗಿಬಿಡೋದು. ಒಬ್ಬ ಟೀ ಇಡೋಕೆ ಹೋಗುತ್ತಿದ್ದ. ಇನ್ನೊಬ್ಬ ಎರಡನೇ ಡಿಸ್ಕನ್ನು ಬನಿಯನ್ ಅಂಚಲ್ಲಿ ಒರೆಸುತ್ತಿದ್ದ. ಆ ಒದೆ ಬಿತ್ತೋ ಇಲ್ವೋ ಅಂತ ಮೂರನೆಯವನು ವಾದ ಶುರು ಮಾಡುತ್ತಿದ್ದ.

ನಾಲ್ಕನೆಯವನನ್ನು ನಾವು ಮೈಕ್ ಅಂತ ಕರೆಯುತ್ತಿದ್ದೆವು. ಅವನ ಬಾಯಿ ಸುಮ್ನೆ ಇರುತ್ತಿರಲಿಲ್ಲ. 1996ರ ‘ಪೊಲೀಸ್ ಸ್ಟೋರಿ’ ಹಾಕಿದರೆ ಸಾಯಿಕುಮಾರ್‌ಗಿಂತ ಅರ್ಧ ಸೆಕೆಂಡ್ ಮೊದಲೇ ಡೈಲಾಗ್ ಮುಗಿಸುತ್ತಿದ್ದ. ಸಾಯಿಕುಮಾರ್ ಅಂದರೆ ತೆಲುಗಿನಲ್ಲಿ ಬೇರೆ ಹೀರೋಗಳಿಗೆ ದನಿ ಕೊಡುತ್ತಿದ್ದವರು, ಉಸಿರು ಬಿಡದೆ ಮಾತಾಡುವ ಮನುಷ್ಯ. ಅವರನ್ನೇ ನಮ್ಮ ಮೈಕ್ ಹಿಂದೆ ಹಾಕುತ್ತಿದ್ದ ಅಂದರೆ ಲೆಕ್ಕ ಹಾಕಿ. ಥಾಯ್ ಸಿನಿಮಾ ‘ಓಂಗ್ ಬಾಕ್’ ನಮಗೆ ಸಿಕ್ಕಿದ್ದು ಹಿಂದಿ ಡಬ್‌ನಲ್ಲಿ. ಅದರ ಹೀರೋ ಟೋನಿ ಜಾ ಹಗ್ಗ ಕಟ್ಟಿಕೊಳ್ಳದೆ ಹಾರುತ್ತಾನೆ. ದೊಡ್ಡ ಜಿಗಿತ ಬಂದಾಗಲೆಲ್ಲ ಅದನ್ನೇ ಇನ್ನೊಂದು ಕಡೆಯಿಂದ ಮತ್ತೆ ತೋರಿಸುತ್ತಾರೆ. ಮೈಕ್ ಪ್ರತಿ ಸಲ ಎದ್ದು ನಿಂತು, ‘ನಿರ್ಮಾಪಕರಿಗೆ ಕಂಡಿಲ್ವಂತೆ, ಇನ್ನೊಂದ್ಸಲ!’ ಅಂತ ಕೂಗುತ್ತಿದ್ದ. ಕೆಳಗಿನ ಮನೆ ಆಂಟಿ ಪೊರಕೆ ಹಿಡಿಯಿಂದ ಸೂರು ಕುಟ್ಟುತ್ತಿದ್ದರು. ನಮಗೆ ಅದೂ ಹಿನ್ನೆಲೆ ಸಂಗೀತವೇ.

ಮದುವೆ ಆದವು, ರೂಮು ಬಿಟ್ಟೆವು. ಆದರೂ ತಿಂಗಳಿಗೊಂದು ಶನಿವಾರ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಅಷ್ಟರಲ್ಲಿ ನನಗೆ ಸ್ವಲ್ಪ ದುಡ್ಡು ಬಂತು. ಜೊತೆಗೆ ಓದೋ ಚಟವೂ ಹತ್ತಿತು. ಯಾವ ಸಿನಿಮಾ ಕಲ್ಟ್, ಅಂದರೆ ಒಂದಷ್ಟು ಜನ ಹುಚ್ಚು ಹಿಡಿದು ಮತ್ತೆ ಮತ್ತೆ ನೋಡೋ ಸಿನಿಮಾ, ಯಾಕೆ ಕಲ್ಟ್, ಯಾರು ಎಷ್ಟು ದುಡ್ಡಲ್ಲಿ ತೆಗೆದರು ಅಂತ ರಾತ್ರಿಯೆಲ್ಲ ಓದಿದೆ. 52,000 ಕೊಟ್ಟು ಪ್ರೊಜೆಕ್ಟರ್ ತಂದೆ. ವಿಜಯನಗರದ ಮನೆಯ ಹಾಲ್‌ಗೆ ಪರದೆ ಹಾಕಿಸಿದೆ. ಹತ್ತು ಸಿನಿಮಾದ ಪಟ್ಟಿ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದೆ. ಆಫೀಸಿನಿಂದ ಐದಾರು ಜನರನ್ನೂ ಕರೆದೆ. ಸಿನಿಮಾ ಬಗ್ಗೆ ಗಂಭೀರವಾಗಿ ಮಾತಾಡೋ ಜನ.

ಈಗ ನಾನು ಮಾಡಿದ ತಪ್ಪು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಅವತ್ತು ಹಾಕಿದ್ದು ‘ನಿಂಜಾ ಟರ್ಮಿನೇಟರ್’. ಅದರಲ್ಲಿ ಒಂದು ಸೀನ್ ಇದೆ. ನಿಂಜಾ ಮಾಸ್ಟರ್ ಮನೆಯಲ್ಲಿ ಕೂತು ಗಾರ್ಫೀಲ್ಡ್ ಬೆಕ್ಕಿನ ಆಕಾರದ ಫೋನಿನಲ್ಲಿ ಬಹಳ ಗಂಭೀರವಾಗಿ ಮಾತಾಡುತ್ತಾನೆ. ಕಿತ್ತಳೆ ಬಣ್ಣದ ಬೆಕ್ಕು, ಗೊಂಬೆ ಅಂಗಡಿ ಮಾಲು. ಮೈಕ್ ಅದನ್ನ ನೋಡಿದ್ದೇ ತಡ, ಶುರು ಮಾಡಿದ. ಒಂದು ದನಿ ನಿಂಜಾದು, ಇನ್ನೊಂದು ದನಿ ಬೆಕ್ಕಿನದು. ಬೆಕ್ಕು ಹಾಲಿನ ಬಾಕಿ ಕೇಳುತ್ತಿತ್ತು. ನಿಂಜಾ ಸಂಬಳ ಆಗಿಲ್ಲ ಅಂತಿದ್ದ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಾನು ರಿಮೋಟ್ ತಗೊಂಡು ಪಾಜ್ ಒತ್ತಿದೆ.

‘ಏ, ಸ್ವಲ್ಪ ಸುಮ್ನಿರೋ. ಇದು ಅರ್ಥ ಮಾಡ್ಕೊಳ್ಳೋ ವಿಷ್ಯ,’ ಅಂದೆ.

ಆಮೇಲೆ ವಿವರಿಸಿದೆ. ಹಾಂಗ್‌ಕಾಂಗ್‌ನ ಗಾಡ್‌ಫ್ರೀ ಹೋ ಅನ್ನೋ ನಿರ್ದೇಶಕ, ಬೇರೆ ಯಾರೋ ತೆಗೆದ ಸಿನಿಮಾ ಕೊಂಡು, ತಾನು ನಾಲ್ಕು ನಿಂಜಾ ಸೀನ್ ತೆಗೆದು ಮಧ್ಯೆ ಮಧ್ಯೆ ತೂರಿಸುತ್ತಿದ್ದ. ಎರಡು ಸಿನಿಮಾದ ಜನ ಒಂದೇ ಜಾಗದಲ್ಲಿ ಸಿಗೋಕಾಗಲ್ಲ. ಅದಕ್ಕೇ ಅವರನ್ನು ಫೋನಿನಲ್ಲಿ ಮಾತಾಡಿಸುತ್ತಿದ್ದ. ಆ ಬೆಕ್ಕಿನ ಫೋನೇ ಎರಡು ಸಿನಿಮಾಕ್ಕೆ ಹಾಕಿದ ಹೊಲಿಗೆ.

ಹೇಳಿದ್ದೆಲ್ಲ ನಿಜ. ಆಫೀಸಿನವರು ತಲೆಯಾಡಿಸಿದರು. ಪರದೆ ಮೇಲೆ ಬೆಕ್ಕು ಹಾಗೇ ನಿಂತಿತ್ತು. ಮತ್ತೆ ಪ್ಲೇ ಒತ್ತಿದಾಗ ಯಾರೂ ನಗಲಿಲ್ಲ. ಮೈಕ್ ಕೈ ಕಟ್ಟಿಕೊಂಡು ಕೊನೆವರೆಗೂ ಕೂತಿದ್ದ. ಹನ್ನೆರಡು ವರ್ಷದಲ್ಲಿ ಅವನು ಬಾಯಿ ಮುಚ್ಚಿಕೊಂಡು ನೋಡಿದ ಮೊದಲ ಸಿನಿಮಾ ಅದು. ಮುಂದಿನ ತಿಂಗಳು ಅವನಿಗೆ ಊರಲ್ಲಿ ಜಾತ್ರೆ. ಅದರ ಮುಂದಿನ ತಿಂಗಳು ನೈಟ್ ಶಿಫ್ಟ್. ಆಮೇಲೆ ನೆಪ ಹೇಳೋದನ್ನೂ ಬಿಟ್ಟ. ಉಳಿದಿಬ್ಬರು ಅವನಿಲ್ಲದೆ ಬರಲಿಲ್ಲ. ಆಫೀಸಿನವರು ಇನ್ನೆರಡು ಸಲ ಬಂದು, ಟೀ ಕುಡಿದು, ‘ಇಂಟರೆಸ್ಟಿಂಗ್’ ಅಂದು ಹೋದರು.

ತಪ್ಪು ಪ್ರೊಜೆಕ್ಟರ್‌ದಲ್ಲ ಅಂತ ನೀವು ಹೇಳಬಹುದು. ಅದರದೂ ಇದೆ. ಅಷ್ಟು ದುಡ್ಡು ಸುರಿದ ಮೇಲೆ ‘ಸರಿಯಾಗಿ ನೋಡಬೇಕು’ ಅನ್ನೋ ರೋಗ ಬರುತ್ತೆ. ದೀಪ ಆರಿಸು, ಮಾತಾಡಬೇಡ, ಕಾಲು ಚಾಚಬೇಡ. ಡಿಸ್ಕು ತಾನಾಗಿ ನಿಲ್ಲುತ್ತಿದ್ದಾಗ ವಾದ ಹುಟ್ಟುತ್ತಿತ್ತು. ನಾನು ನಿಲ್ಲಿಸಿದಾಗ ಪಾಠ ಹುಟ್ಟಿತು.

ಇದು ನನಗೆ ಸರಿಯಾಗಿ ಹೊಳೆದದ್ದು ಉಗಾಂಡದ ಒಂದು ಸಿನಿಮಾ ನೋಡಿದಾಗ. 2010ರ ‘ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್?’ ಕಂಪಾಲಾದ ವಾಕಲಿಗ ಅನ್ನೋ ಬಡ ಕೇರಿಯಲ್ಲಿ ನಬ್ವಾನ ಅನ್ನುವವರು ತೆಗೆದದ್ದು. ಖರ್ಚು ಸುಮಾರು 200 ಡಾಲರ್ ಅಂತಾರೆ. ಅಲ್ಲಿನ ವಿಡಿಯೋ ಹಾಲ್‌ಗಳಲ್ಲಿ ಸಿನಿಮಾ ಓಡುವಾಗ ವಿಜೆ ಅಂತ ಒಬ್ಬ ಮೈಕ್ ಹಿಡಿದು ಮಾತಾಡುತ್ತಲೇ ಇರುತ್ತಾನೆ. ಅನುವಾದ ಮಾಡುತ್ತಾನೆ, ರೇಗಿಸುತ್ತಾನೆ, ಈಗ ನೋಡಿ ಮಜಾ ಅಂತ ಕೂಗುತ್ತಾನೆ. ನಬ್ವಾನ ಅವರ ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ, ಮೂಲ ಪ್ರತಿ ಅಳಿಸಿಹೋಯಿತು. ಈಗ ಉಳಿದಿರೋದು ವಿಜೆ ಎಮ್ಮಿಯ ಮಾತು ತುಂಬಿದ ಪ್ರತಿ ಮಾತ್ರ. ಸಿನಿಮಾ ಹೋಯಿತು, ಕೂಗಾಟ ಉಳಿಯಿತು. ನಮ್ಮ ಮನೆಯಲ್ಲೂ ಒಬ್ಬ ವಿಜೆ ಇದ್ದ. ನಾನು ಅವನನ್ನೇ ಅಳಿಸಿದೆ.

ಇನ್ನು ನಿಮ್ಮ ‘ಕೆಟ್ಟ ಸಿನಿಮಾ’ ಅನ್ನೋ ಮಾತು. ಅದನ್ನ ನಾನು ಒಪ್ಪಲ್ಲ. ರಾಬರ್ಟ್ ರೋಡ್ರಿಗೆಜ್ 1992ರ ‘ಎಲ್ ಮರಿಯಾಚಿ’ ತೆಗೆದದ್ದು 7,000 ಡಾಲರ್‌ನಲ್ಲಿ. ಹೊಸ ಔಷಧಿಯ ಪ್ರಯೋಗಕ್ಕೆ ಮೈಯೊಡ್ಡಿ ದುಡ್ಡು ಹೊಂದಿಸಿದ. ಕ್ಯಾಮೆರಾ ಓಡಿಸೋಕೆ ಗಾಲಿ ಕುರ್ಚಿ ಬಳಸಿದ. ‘ಪೊಲೀಸ್ ಸ್ಟೋರಿ’ ನಿರ್ದೇಶಿಸಿದ ಥ್ರಿಲ್ಲರ್ ಮಂಜು ಸ್ಟಂಟ್ ಮಾಸ್ಟರ್. ಎಲ್ಲಿ ಬೀಳಿಸಬೇಕು, ಯಾವಾಗ ಏಳಿಸಬೇಕು ಅನ್ನೋದು ಅವರಿಗೆ ಕೈಯಲ್ಲೇ ಗೊತ್ತು. ಇವರೆಲ್ಲ ಕೈಲಾದಷ್ಟೂ ಚೆನ್ನಾಗಿ ತೆಗೆಯೋಕೆ ಒದ್ದಾಡಿದವರು. ನಗು ಬರೋದು ಆಸೆ ದೊಡ್ಡದು, ಜೇಬು ಸಣ್ಣದು ಅನ್ನೋದಕ್ಕೆ. ನಮ್ಮ ಜೀವನವೂ ಹಾಗೇ ಇತ್ತಲ್ವಾ ಅವಾಗ? ಈಗ ಬೇಕಂತಲೇ ಕೆಟ್ಟದಾಗಿ ತೆಗೆದು ‘ನಗಿ’ ಅನ್ನೋ ಸಿನಿಮಾಗಳಿವೆಯಲ್ಲ, ಅವನ್ನ ದಯವಿಟ್ಟು ಹಾಕಬೇಡಿ. ಹತ್ತು ನಿಮಿಷಕ್ಕೆ ಆಕಳಿಕೆ ಬರುತ್ತೆ.

ಪಟ್ಟಿ ಕೊಡಲ್ಲ. ಗೆಳೆಯರಲ್ಲಿ ಯಾರು ಜಾಸ್ತಿ ಗಲಾಟೆ ಮಾಡ್ತಾರೋ ಅವರ ಕೈಗೆ ರಿಮೋಟ್ ಕೊಡಿ. ಮನೆಯಲ್ಲಿರೋ ಟಿವಿ ಸಾಕು. ಕೆಳಗಿನ ಮನೆಯವರಿಗೆ ಮೊದಲೇ ಸ್ವಲ್ಪ ಚಿತ್ರಾನ್ನ ಕೊಟ್ಟು ಬನ್ನಿ.

ಹೋದ ತಿಂಗಳು ಮಾಗಡಿ ರೋಡಿನ ಒಂದು ಛತ್ರದಲ್ಲಿ ಮೈಕ್ ಸಿಕ್ಕಿದ. ತಲೆ ಬೆಳ್ಳಗಾಗಿದೆ, ದನಿ ಹಾಗೇ ಇದೆ. ಎಲೆ ಮುಂದೆ ಕೂತು ಬಡಿಸುವವನ ನಡಿಗೆಗೆ ಕಾಮೆಂಟರಿ ಕೊಡುತ್ತಿದ್ದ, ಸಾಲಿಗೆ ಸಾಲೇ ನಗುತ್ತಿತ್ತು. ಪಕ್ಕ ಹೋಗಿ ಕೂತೆ. ಪಾಯಸ ಬರೋವರೆಗೂ ಹಳೇ ವಿಷಯ ಇಬ್ಬರೂ ಎತ್ತಲಿಲ್ಲ. ಆಮೇಲೆ ಅವನೇ ಕೇಳಿದ, ‘ಆ ಪ್ರೊಜೆಕ್ಟರ್ ಇನ್ನೂ ಇದ್ಯೇನೋ?’

‘ಸಜ್ಜೆ ಮೇಲಿದೆ.’

‘ಮಾರು. ಆಮೇಲೆ ಬರ್ತೀನಿ.’

ಮಾರೋಕೆ ಇಟ್ಟಿದ್ದೀನಿ. ಡಬ್ಬ, ಬಿಲ್ಲು ಎಲ್ಲ ಇದೆ. ಆದರೆ ನಿಮಗಂತೂ ಕೊಡಲ್ಲ.