ಜಪಾನಿನ ತಾಮಿಯಾ ಕಂಪನಿಯ ಹಳೆಯ ರಿಮೋಟ್ ಆಟಿಕೆ ಕಾರಿನ ತುಕ್ಕು ಹಿಡಿದ ಸ್ಕ್ರೂಗಳನ್ನು ಏನು ಮಾಡಲಿ?

ನಿಮ್ಮ ಕಾರು 1984ರ ಗ್ರಾಸ್‌ಹಾಪರ್ ಮಾದರಿ ಅಂದಿರಿ. ಸ್ಕ್ರೂಗಳನ್ನು ಸುಮ್ನೆ ಎಸೆಯಬೇಡಿ. ನಮ್ಮ ಚಿಕ್ಕಮಗಳೂರಿನ ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಕಬ್ಬಿಣಕ್ಕೆ ತುಕ್ಕು ಸಹಜ ಅಲ್ವಾ?

ಮೊದಲು ಸ್ಕ್ರೂಡ್ರೈವರ್ ಸರಿಯಿರಲಿ. ಇವು ಜೆಐಎಸ್ ಎಂಬ ಜಪಾನಿನ ಮಾನದಂಡದ ತಲೆಯವು. ಮಾಮೂಲಿ ಫಿಲಿಪ್ಸ್ (ಪ್ಲಸ್ ಆಕಾರದ) ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಜಾರಿ ತಲೆ ಸವೆದುಹೋಗುತ್ತದೆ.

ಆಮೇಲೆ ಸ್ಕ್ರೂ ಯಾವ ಬಗೆಯದು ನೋಡಿ. ಥ್ರೆಡ್ (ಸ್ಕ್ರೂ ಮೈಮೇಲಿನ ಸುತ್ತು) ಒತ್ತಾಗಿದ್ದು 10 ಸುತ್ತುಗಳು ಸೇರಿ 5 ಮಿ.ಮೀ. ಬಂದರೆ ಅದು ನಟ್‌ಗೆ ಹಾಕುವ ಎಂ3, ಅಂದರೆ 3 ಮಿ.ಮೀ. ದಪ್ಪದ ಸ್ಕ್ರೂ. ಅಂತರ ಜಾಸ್ತಿ ಇದ್ದರೆ ಪ್ಲಾಸ್ಟಿಕ್‌ಗೆ ಹಾಕುವ, ತಾನೇ ಜಾಡು ಕೊರೆದುಕೊಳ್ಳುವ ಟ್ಯಾಪಿಂಗ್ ಸ್ಕ್ರೂ.

ಉಕ್ಕಿನವನ್ನು ಬಿಳಿ ವಿನೆಗರ್‌ನಲ್ಲಿ ಕೆಲವು ಗಂಟೆ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ. ಅಲ್ಯೂಮಿನಿಯಂ ಭಾಗಗಳಿಗೆ ವಿನೆಗರ್ ಬೇಡವೇ ಬೇಡ.

ಜೋಡಿಸುವಾಗ ಟ್ಯಾಪಿಂಗ್ ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಿ. ಟಕ್ ಎಂದು ಹಳೆಯ ಜಾಡಿನಲ್ಲಿ ಕೂತ ಮೇಲೆ ಮೆಲ್ಲಗೆ ಬಿಗಿ ಮಾಡಿ.