ಲ್ಯಾಂಬರ್ಟ್ ಹಿಮನದಿಗೆ ಆ ಹೆಸರು ಹೇಗೆ ಬಂತು, ಅದರ ಉದ್ದ ನಿಜವಾಗ್ಲೂ ಎಷ್ಟು?

"ಅಂಟಾರ್ಕ್ಟಿಕಾದ ಲ್ಯಾಂಬರ್ಟ್ ಗ್ಲೇಸಿಯರ್ ಕಂಡುಹಿಡಿದ ಆ ಲ್ಯಾಂಬರ್ಟ್ ಯಾರು, ಅದರ ಉದ್ದ ಒಂದೊಂದು ಕಡೆ ಒಂದೊಂದು ಥರ ಯಾಕೆ ಬರ್ದಿರ್ತಾರೆ" ಅಂತ ಕೇಳಿದ್ದೀರ. ಕಂಡುಹಿಡಿದಿದ್ದು ಲ್ಯಾಂಬರ್ಟ್ ಅಲ್ಲವೇ ಅಲ್ಲ. ಬ್ರೂಸ್ ಲ್ಯಾಂಬರ್ಟ್ ಆಸ್ಟ್ರೇಲಿಯಾ ಸರ್ಕಾರದಲ್ಲಿ ನ್ಯಾಷನಲ್ ಮ್ಯಾಪಿಂಗ್ ಡೈರೆಕ್ಟರ್ ಆಗಿದ್ದೋರು, ಅಂದ್ರೆ ನಕ್ಷೆ ಇಲಾಖೆಯ ದೊಡ್ಡ ಸಾಹೇಬ್ರು, ಅವರ ಹೆಸರನ್ನ ಇದಕ್ಕೆ ಇಟ್ರು ಅಷ್ಟೇ.

ಅದಕ್ಕೂ ಮುಂಚೆ ಇದಕ್ಕೆ ಬೇರೆ ಹೆಸರಿತ್ತು. 1946-47ರಲ್ಲಿ ಅಮೆರಿಕದ ನೇವಿ ಆಪರೇಷನ್ ಹೈಜಂಪ್ ಅಂತ ಮಾಡ್ತು, ಹಡಗು ವಿಮಾನ ಎಲ್ಲ ತಗೊಂಡು ಹೋಗಿ ಕರಾವಳಿ ಉದ್ದಕ್ಕೂ ಮೇಲಿಂದ ರಾಶಿ ರಾಶಿ ಫೋಟೋ ತೆಗೆದ್ರು. ಆಮೇಲೆ ಜಾನ್ ರಾಸ್ಕೋ ಅನ್ನೋ ಭೂಗೋಳ ತಜ್ಞರು ಆ ಫೋಟೋಗಳನ್ನ ಕೂತ್ಕೊಂಡು ನೋಡಿ 1952ರಲ್ಲಿ ಇದನ್ನ "ಬೇಕರ್ ತ್ರೀ ಗ್ಲೇಸಿಯರ್" ಅಂತ ಕರೆದ್ರು. ಬೇಕರ್ ತ್ರೀ ಅನ್ನೋದು ಆ ಭಾಗದಲ್ಲಿ ಮೂರು ಸಲ ಹಾರಾಟ ಮಾಡಿದ ವಿಮಾನ ಮತ್ತೆ ಅದರ ಸಿಬ್ಬಂದಿಯ ಕೋಡ್ ನೇಮ್. ಅಂಟಾರ್ಕ್ಟಿಕಾದ ಜಾಗಗಳಿಗೆ ಅಮೆರಿಕದವರು ಮಾಡಿದ ಹೆಸರುಗಳ ಪಟ್ಟಿಲೂ 1956ರಲ್ಲಿ ಅದು ಅಚ್ಚಾಯ್ತು, ಆದ್ರೆ ನಕ್ಷೆ ಮೇಲೆ ಮಾತ್ರ ತಕ್ಷಣ ಬರ್ಲಿಲ್ಲ. ಅಷ್ಟರಲ್ಲಿ ಆಸ್ಟ್ರೇಲಿಯಾದವರು ಅದೇ 1956ರಲ್ಲಿ ಆ ಜಾಗ ಸರ್ವೆ ಮಾಡಿ, 1957ರಲ್ಲಿ ತಮ್ಮ ಹೆಸರುಗಳ ಕಮಿಟಿಯಿಂದ ಲ್ಯಾಂಬರ್ಟ್ ಅಂತ ಹಾಕ್ಸಿದ್ರು, ಅದು ನಕ್ಷೆಗೆ ಬಂತು, ಎಲ್ಲರೂ ಅದನ್ನೇ ಬಳಸೋಕೆ ಶುರು ಮಾಡಿದ್ರು, ಅಲ್ಲಿಗೆ ಬೇಕರ್ ತ್ರೀ ಕಥೆ ಮುಗೀತು. ನನ್ನ ಕೇಳಿದ್ರೆ ಆ ಕಾಲದ ವಿಮಾನದಲ್ಲಿ ಜೀವ ಕೈಲಿ ಹಿಡ್ಕೊಂಡು ಹಾರಿದೋರ ಹೆಸರೇ ಇರ್ಬೇಕಿತ್ತು. ತಮಾಷೆ ಅಂದ್ರೆ ಅಲ್ಲೇ ಪಕ್ಕದಲ್ಲಿ ಬೀವರ್ ಲೇಕ್ ಅಂತ ಒಂದು ಸರೋವರ ಇದೆ, ಅದು ಆಸ್ಟ್ರೇಲಿಯಾದವರ ಬೀವರ್ ವಿಮಾನದ ಹೆಸರು, ಅದು ಉಳ್ಕೊಂಡಿದೆ! ಸುತ್ತ ಇರೋ ಬೆಟ್ಟಗಳಿಗೆ ಪ್ರಿನ್ಸ್ ಚಾರ್ಲ್ಸ್ ಮೌಂಟನ್ಸ್ ಅಂತ ಹೆಸರು, ಈಗ ಬ್ರಿಟನ್ನಿನ ರಾಜ ಆಗಿರೋರೇ, ಆಗಿನ್ನೂ ಚಿಕ್ಕ ಹುಡುಗ.

ಇನ್ನು ಉದ್ದದ ವಿಷಯ. ಸಾಮಾನ್ಯವಾಗಿ 400 ಕಿ.ಮೀ. ಅಂತಾರೆ, ಅಂದ್ರೆ ಬೆಂಗಳೂರಿಂದ ಹುಬ್ಬಳ್ಳಿವರೆಗೂ ಬರೀ ಮಂಜುಗಡ್ಡೆ ಅಂತ ಇಟ್ಕೊಳ್ಳಿ. ನಮ್ಮ ಸಿಯಾಚಿನ್ 76 ಕಿ.ಮೀ. ಅಷ್ಟೇ. ಅಗಲ ಹತ್ತಿರ ಹತ್ತಿರ 80 ಕಿ.ಮೀ., ದಪ್ಪ ಇರೋ ಕಡೆ ಎರಡೂವರೆ ಕಿ.ಮೀ. ಆಳ. ದಕ್ಷಿಣದಲ್ಲಿ ಮೆಲರ್, ಫಿಶರ್ ಅನ್ನೋ ಬೇರೆ ಹಿಮನದಿಗಳು ಬಂದು ಇದಕ್ಕೆ ಸೇರ್ಕೊಳ್ತವೆ, ಎಲ್ಲ ಒಟ್ಟಾಗಿ ಉತ್ತರಕ್ಕೆ ಹರಿದು ಏಮರಿ ಐಸ್ ಶೆಲ್ಫ್ (ಸಮುದ್ರದ ಮೇಲೆ ತೇಲೋ ಮಂಜುಗಡ್ಡೆ ಹಾಸು) ಆಗಿ ಪ್ರಿಡ್ಜ್ ಬೇ ಅನ್ನೋ ಕೊಲ್ಲಿಗೆ ಇಳಿಯತ್ತೆ. ವೇಗ ವರ್ಷಕ್ಕೆ 400ರಿಂದ 800 ಮೀಟರ್, ಶೆಲ್ಫ್ ಕಡೆ ಬಂದಾಗ ಸಾವಿರ ಮೀಟರ್ ದಾಟತ್ತೆ.

ಗೊಂದಲ ಇರೋದು ನದಿ ಎಲ್ಲಿ ಮುಗಿದು ಶೆಲ್ಫ್ ಎಲ್ಲಿ ಶುರು ಅನ್ನೋದ್ರಲ್ಲಿ. ಮಂಜುಗಡ್ಡೆ ನೆಲಕ್ಕೆ ಅಂಟ್ಕೊಂಡು ಜಾರ್ತಾ ಇರೋವರೆಗೂ ಅದು ಗ್ಲೇಸಿಯರ್, ನೆಲ ಬಿಟ್ಟು ಸಮುದ್ರದ ನೀರಿನ ಮೇಲೆ ತೇಲೋಕೆ ಶುರು ಆದ್ಮೇಲೆ ಅದು ಐಸ್ ಶೆಲ್ಫ್, ಆ ಬಿಡೋ ಜಾಗಕ್ಕೆ ಗ್ರೌಂಡಿಂಗ್ ಲೈನ್ ಅಂತಾರೆ. ಮೇಲಿಂದ ನೋಡಿದ್ರೆ ಎರಡೂ ಒಂದೇ ಥರ ಬೆಳ್ಳಗೆ, ಗೆರೆ ಗಿರೆ ಏನೂ ಕಾಣಲ್ಲ. ತೇಲ್ತಾ ಇರೋ ಮಂಜಾದ್ರೆ ಅದರ ದಪ್ಪಕ್ಕೂ ನೀರಿನ ಮೇಲೆ ಕಾಣೋ ಎತ್ತರಕ್ಕೂ ಒಂದು ಲೆಕ್ಕ ಇರತ್ತೆ, ಆ ಲೆಕ್ಕ ಕೂಡೋ ಜಾಗವೆಲ್ಲ ತೇಲ್ತಾ ಇದೆ ಅಂತ ಅರ್ಥ. ಹೀಗೆ ಸ್ಯಾಟಲೈಟ್ ಅಳತೆ ಇಟ್ಕೊಂಡು ವಿಜ್ಞಾನಿಗಳು 2002ರಲ್ಲಿ ತೋರ್ಸಿದ್ದು ಏನಂದ್ರೆ, ಗ್ರೌಂಡಿಂಗ್ ಲೈನ್ ಹಿಂದೆ ಅಂದ್ಕೊಂಡಿದ್ದ ಜಾಗಕ್ಕಿಂತ 200 ಕಿ.ಮೀ.ಗೂ ಜಾಸ್ತಿ ದಕ್ಷಿಣಕ್ಕೆ, ಒಳಗಡೆ ಇದೆ. ಅಂದ್ರೆ ಹಳೇ ನಕ್ಷೆಗಳಲ್ಲಿ ಗ್ಲೇಸಿಯರ್ ಅಂತ ಬರ್ದಿದ್ದ ಎಷ್ಟೋ ಭಾಗ ನೀರಿನ ಮೇಲಿದೆ. ಹಳೇ ಪುಸ್ತಕ ನೋಡಿ ಬರೆದೋರು ಒಂದು ಅಂಕಿ ಕೊಡ್ತಾರೆ, ಹೊಸದು ನೋಡಿದೋರು ಇನ್ನೊಂದು, ಶೆಲ್ಫನ್ನೂ ಸೇರಿಸಿ ಲೆಕ್ಕ ಹಾಕೋರು ಮೂರನೇದು. ಶೆಲ್ಫಿನ ತುದಿನೂ ನಿಂತ ಜಾಗದಲ್ಲಿ ನಿಲ್ಲಲ್ಲ, 2019ರ ಸೆಪ್ಟೆಂಬರಲ್ಲಿ 1,636 ಚದರ ಕಿ.ಮೀ. ತುಂಡು ಒಂದೇ ಸಲ ಮುರ್ಕೊಂಡು ಹೋಯ್ತು, ಡಿ28 ಅಂತ ನಂಬರ್ ಕೊಟ್ರು. ಪ್ರಳಯ ಅಂತ ಸುದ್ದಿ ಮಾಡಿದ್ರು ಕೆಲವರು, ಹಾಗೇನಿಲ್ಲ, 1960ರ ದಶಕದಲ್ಲೂ ಅಲ್ಲಿ ದೊಡ್ಡ ತುಂಡೇ ಮುರಿದಿತ್ತು, ಮುಂದಕ್ಕೆ ಬೆಳೆಯೋದು ಮುರಿಯೋದು ಅದರ ಮಾಮೂಲಿ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಈ ಗ್ಲೇಸಿಯರ್ ಹರಿಯೋದು ನೆಲ ಸೀಳಿ ಕುಸಿದು ಆಗಿರೋ ಒಂದು ಹಳೇ ಕಣಿವೇಲಿ. ದಕ್ಷಿಣದ ಖಂಡಗಳೆಲ್ಲ ಒಂದೇ ಆಗಿದ್ದ ಗೊಂಡ್ವಾನಾ ಕಾಲದಲ್ಲಿ ಭಾರತದ ಪೂರ್ವ ಕರಾವಳಿ ಅಂಟಾರ್ಕ್ಟಿಕಾಗೆ ಅಂಟ್ಕೊಂಡಿತ್ತಲ್ಲ, ಆಗ ಒಡಿಶಾದ ಮಹಾನದಿ ಕಣಿವೆ ಮತ್ತೆ ಈ ಲ್ಯಾಂಬರ್ಟ್ ಕಣಿವೆ ಒಂದೇ ಸೀಳಿನ ಎರಡು ಭಾಗ ಅಂತ ಭೂವಿಜ್ಞಾನಿಗಳು ಹೇಳ್ತಾರೆ. ಆ ಬೀವರ್ ಲೇಕ್ ಪಕ್ಕದ ಬಂಡೆಗಳಲ್ಲಿ ಕಲ್ಲಿದ್ದಲು ಪದರ ಇದೆ, ಅದ್ರಲ್ಲಿ ಗ್ಲಾಸಾಪ್ಟೆರಿಸ್ ಎಲೆಗಳ ಪಳೆಯುಳಿಕೆ, ಒಡಿಶಾ ಗಣಿಗಳಲ್ಲಿ ಸಿಗೋ ಅದೇ ಗಿಡ.

ನಕ್ಷೆಲಿ ಹುಡುಕೋದಾದ್ರೆ ಹಾಸನದಿಂದ ನೇರ ಕೆಳಕ್ಕೆ ಗೆರೆ ಎಳೀರಿ, ಕೇರಳ ದಾಟಿದ್ಮೇಲೆ ಬರೀ ಸಮುದ್ರ, ನೆಲ ಸಿಗೋದು ಪ್ರಿಡ್ಜ್ ಬೇ ದಡದ ಲಾರ್ಸ್‌ಮನ್ ಬೆಟ್ಟಗಳ ಹತ್ರಾನೇ, ಅಲ್ಲೇ 2012ರಿಂದ ಭಾರತದ ಭಾರತಿ ಸ್ಟೇಷನ್ ಇರೋದು. ಅಲ್ಲಿಂದ ಸ್ವಲ್ಪ ಎಡಕ್ಕೆ ಕರಾವಳಿ ಒಳಗೆ ಚುಚ್ಕೊಂಡ ಹಾಗಿರೋದು ಏಮರಿ, ಅದರ ಹಿಂದೆ ದಕ್ಷಿಣಕ್ಕೆ ಹೋದ್ರೆ ಲ್ಯಾಂಬರ್ಟ್.